ಒಣ ಹಲಸಿನ ತುಂಡಿನಲ್ಲೊಂದು ಸಟ್ಟುಗ

ಹಲಸಿನ ಹಣ್ಣನ್ನು ಗಟ್ಟಿಯಾಗುವ ತನಕ ಕಾಸಿ ಬೆರಟಿ ಮಾಡಿದವರಿಗೆ ಗೊತ್ತು, ಉರುಳಿ ಪಾತ್ರೆಯ ಮುಂದೆ ಗಂಟೆಗಟ್ಟಲೆ ನಿಂತು ತಿರುವಬೇಕು. ಸ್ಟೀಲ್ ಸೌಟು ಕೈ ಸುಡುತ್ತದೆ. ಉದ್ದ ಹಿಡಿಯ ಮರದ ಸಟ್ಟುಗವೇ ಆಗಬೇಕು. ನಮ್ಮ ಕಾಸರಗೋಡಿನ ತೋಟದ ಮನೆಗಳಲ್ಲಿ ಒಣ ಮರಕ್ಕೇನು ಬರವಿಲ್ಲ, ಅಲ್ವಾ? ಒಂದು ಕೆತ್ತಿ ನೋಡಿ.

ಹಲಸಿನ ಹಳದಿ ಚೇಗು, ಅಂದರೆ ಒಳಗಿನ ಗಟ್ಟಿ ಮರ, ಇದಕ್ಕೆ ಒಳ್ಳೆಯದು. ಮಾವೂ ಆದೀತು. ಕಂಗಿನ (ಅಡಿಕೆ ಮರದ) ಸಲಾಕೆ ಬೇಡ, ಸಿಬಿರು ಏಳುತ್ತದೆ. ಕಾಸರಕದ ಮರವನ್ನಂತೂ ಮುಟ್ಟಬೇಡಿ. ಊರಿಗೆ ಹೆಸರು ಅದರಿಂದಲೇ ಬಂತು ಅನ್ನುವವರಿದ್ದಾರೆ, ಆದರೆ ಅಡುಗೆಮನೆಗೆ ಅದು ವಿಷ. ನಡುವಿನ ತಿರುಳು ಸೇರಿದ ತುಂಡನ್ನೂ ಬಿಡಿ, ಬಿರುಕು ಶುರುವಾಗುವುದೇ ಅಲ್ಲಿ. ಹಸಿ ತುಂಡಾದರೆ ಎರಡೂ ತುದಿಗೆ ಸೆಗಣಿ ಮೆತ್ತಿ ಅಟ್ಟದಲ್ಲಿಡಿ. ತುದಿ ಬೇಗ ಒಣಗಿದರೆ ಸೀಳುತ್ತದೆ. ನಾನೊಮ್ಮೆ ಅವಸರದಲ್ಲಿ ಅಂಗಳದ ಬಿಸಿಲಿಗೆ ಹಾಕಿ, ಕೊನೆಗೆ ಅದನ್ನು ಬಚ್ಚಲೊಲೆಗೆ ತುರುಕಿದ್ದೆ.

ಚೆನ್ನಾಗಿ ಒಣಗಿದ ಹಲಸು ಉಳಿಗೆ ಸುಲಭದಲ್ಲಿ ಬಗ್ಗುವುದಿಲ್ಲ. ಕೆತ್ತುವ ಜಾಗಕ್ಕೆ ರಾತ್ರಿ ಒದ್ದೆ ಬಟ್ಟೆ ಸುತ್ತಿಡಿ, ಮೇಲ್ಪದರ ಸ್ವಲ್ಪ ಮೆದುವಾಗುತ್ತದೆ. ನಾರು ಹಿಡಿಯ ಉದ್ದಕ್ಕೆ ಹೋಗುವಂತೆ ಗೆರೆ ಎಳೆದುಕೊಳ್ಳಿ. ಅಡ್ಡ ನಾರಿನ ಸಟ್ಟುಗ ಕತ್ತಿನಲ್ಲೇ ಮುರಿಯುತ್ತದೆ.

ಹೊಸಬರು ಮೊದಲು ಹೊರಗಿನ ಆಕಾರ ಕಡಿಯುತ್ತಾರೆ. ಅದು ತಪ್ಪು. ತುಂಡು ಚೌಕವಾಗಿರುವಾಗಲೇ ಗುಳಿ ತೆಗೆಯಿರಿ, ಆಗ ಅದು ಅಲ್ಲಾಡದೆ ಕೂರುತ್ತದೆ. ಬಾಗಿದ ಬಾಯಿಯ ಉಳಿ ಬೇಕು. ಅಂಚಿನಿಂದ ನಡುವಿಗೆ ಕೆತ್ತಿ, ಆಮೇಲೆ ಇನ್ನೊಂದು ಕಡೆಯಿಂದಲೂ ನಡುವಿಗೇ ಬನ್ನಿ. ಒಂದೇ ಕಡೆಯಿಂದ ತಳ್ಳಿಕೊಂಡು ಹೋದರೆ ನಡು ದಾಟಿದ ಮೇಲೆ ನಾರು ಕಿತ್ತು ಬರುತ್ತದೆ. ಬೆರಟಿಗಾದರೆ ಗುಳಿ ಜಾಸ್ತಿ ಆಳ ಬೇಡ. ತುದಿಯನ್ನು ಓರೆಯಾಗಿ ಬಿಟ್ಟರೆ ಉರುಳಿಯ ತಳ ಚೆನ್ನಾಗಿ ಕೆರೆಯುತ್ತದೆ. ಅಂಚು 4 ಮಿಲಿಮೀಟರ್ ಸಾಕು, ಕತ್ತನ್ನು ಮಾತ್ರ ದಪ್ಪ ಇಡಿ. ಉಳಿಯ ಮುಂದೆ ಎಡಗೈ ಬರಲೇಬಾರದು. ಮೊಂಡು ಉಳಿ ಇನ್ನೂ ಅಪಾಯ. ಬಲ ಹಾಕಿದಾಗ ಜಾರುವುದು ಅದೇ.

ಉಜ್ಜಲು ಮರಳುಕಾಗದ ಇದೆ. ಹಿಂದಿನವರು ಗರಗತ್ತಿಯ ದೊರಗು ಎಲೆಯಲ್ಲಿ ಉಜ್ಜುತ್ತಿದ್ದರು, ಇವತ್ತಿಗೂ ಅದು ಸೊಗಸು. ನುಣುಪಾಯಿತು ಅಂದುಕೊಂಡಾಗ ಒಮ್ಮೆ ನೀರಲ್ಲಿ ಅದ್ದಿ ಒಣಗಿಸಿ. ನಾರು ಮತ್ತೆ ಏಳುತ್ತದೆ, ಮತ್ತೆ ಉಜ್ಜಿ. ಇದನ್ನು ಬಿಟ್ಟರೆ ಮೊದಲ ಸಲ ತೊಳೆದಾಗಲೇ ಸಟ್ಟುಗ ದೊರಗಾಗುತ್ತದೆ. ಆಮೇಲೆ ಬೆಚ್ಚಗಿನ ತೆಂಗಿನೆಣ್ಣೆ ಹಚ್ಚಿ ಒಂದು ರಾತ್ರಿ ಬಿಡಿ.

ಪಾತ್ರೆಗಳ ಜತೆ ನೀರಲ್ಲಿ ನೆನೆಹಾಕಬೇಡಿ. ಮಳೆಗಾಲದಲ್ಲಿ ಡಬ್ಬಿಯಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ. ಹಿಡಿಗೊಂದು ತೂತು ಕೊರೆದು ಒಲೆಯ ಹತ್ತಿರ ತೂಗುಹಾಕಿ.