ಫೀನಿಕ್ಸ್ ಕಡೆ ಕೋಳಿ ಸಾಕುವ ಮೊದಲು

ಅರಿಜೋನಾಕ್ಕೆ ಬಂದು ಒಂದು ಮನೆ ಅಂತ ಆದ ಕೂಡಲೇ ನಮ್ಮ ಕಾಸರಗೋಡಿನವರ ಕಣ್ಣು ಹಿತ್ತಿಲ ಮೇಲೆ ಬೀಳುತ್ತದೆ. ಹಿತ್ತಿಲು ಅಂದ ಮೇಲೆ ಕೋಳಿ ಬೇಡವಾ? 2025ರ ಮಾರ್ಚಿನಲ್ಲಿ ಅಮೆರಿಕದಲ್ಲಿ ಡಜನ್ ಮೊಟ್ಟೆಯ ಸರಾಸರಿ ಬೆಲೆ 6.23 ಡಾಲರಿಗೆ ಏರಿತಲ್ಲ, ಅಲ್ಲಿಂದ ಶುರು. ಫೀನಿಕ್ಸ್ ಸುತ್ತಲಿನ ಚಾಂಡ್ಲರ್, ಗಿಲ್ಬರ್ಟ್, ಪಿಯೋರಿಯಾ, ಎಲ್ಲ ಕಡೆಯಿಂದ ಫೋನು. "ಅಣ್ಣಾ, ಗೂಡು ಕಟ್ಟಿದ್ದೇವೆ, ಒಮ್ಮೆ ಬಂದು ನೋಡಿ." ಹೋದರೆ ಪ್ರತಿ ಮನೆಯಲ್ಲೂ ಅದೇ ಎರಡು ತಪ್ಪು. ಎರಡೂ ನಾನು ಮಾಡಿ ಮುಗಿಸಿದವೇ. ಹಾಗಾಗಿ ಗೂಡು ಕಟ್ಟುವ ಮೊದಲೇ ಇದನ್ನು ಓದಿ.

ಕೋಳಿಗೆ ಏನು ಹಾಕಬೇಕು, ಕಾವಿಗೆ ಕೂತ ಹೇಂಟೆಯನ್ನು ಹೇಗೆ ನೋಡಿಕೊಳ್ಳಬೇಕು ಅಂತೆಲ್ಲ ನಾನು ಹೇಳುವುದಿಲ್ಲ. ಬದಿಯಡ್ಕ, ಪೆರ್ಲ, ಮಂಜೇಶ್ವರದ ಕಡೆ ಬೆಳೆದವರಿಗೆ ಅದನ್ನು ಕಲಿಸುವುದು ಅಧಿಕಪ್ರಸಂಗ. ಮೊಟ್ಟೆ ಖರ್ಚು ಉಳಿಯುತ್ತದೆ ಅನ್ನುವ ಆಸೆಯನ್ನು ಮಾತ್ರ ಈಗಲೇ ಬಿಡಿ. ಗೂಡು, ಫೀಡು, ಬೇಸಿಗೆಯ ನೀರು, ಕರೆಂಟು ಎಲ್ಲ ಸೇರಿಸಿ ನೋಡಿದರೆ ಅಂಗಡಿ ಮೊಟ್ಟೆಯೇ ಅಗ್ಗ. ರುಚಿಗೆ ಸಾಕಿ, ಮಕ್ಕಳ ಖುಷಿಗೆ ಸಾಕಿ.

ಮೊದಲು ಕಾನೂನು. 2024ರ ಮೇ ತಿಂಗಳಲ್ಲಿ ಗವರ್ನರ್ ಕೇಟಿ ಹಾಬ್ಸ್ ಎಚ್‌ಬಿ 2325 ಎಂಬ ಮಸೂದೆಗೆ ಸಹಿ ಹಾಕಿದರು. ಅರ್ಧ ಎಕರೆ ಅಥವಾ ಅದಕ್ಕಿಂತ ಸಣ್ಣ ಜಾಗದ ಒಂಟಿ ಮನೆಯವರು ಹಿತ್ತಿಲಲ್ಲಿ 6 ಕೋಳಿ ಸಾಕುವುದನ್ನು ಈಗ ಯಾವ ನಗರಸಭೆಯೂ ತಡೆಯುವಂತಿಲ್ಲ. ಆದರೆ ಷರತ್ತು ಹಾಕಬಹುದು. ಗೂಡು ಪಕ್ಕದವರ ಜಾಗದಿಂದ 20 ಅಡಿ ದೂರ ಇರಬೇಕು, 200 ಚದರ ಅಡಿ ಮೀರಬಾರದು, 8 ಅಡಿಗಿಂತ ಎತ್ತರ ಬೇಡ, ವಾರಕ್ಕೆ ಎರಡು ಸಲ ಹಿಕ್ಕೆ ತೆಗೆಯಬೇಕು, ಹೀಗೆ. ಇದರಲ್ಲಿ 20 ಅಡಿಯೇ ಕಷ್ಟದ್ದು. ಹೊಸ ಬಡಾವಣೆಗಳಲ್ಲಿ ಮೂರು ಕಡೆಯ ಗೋಡೆಯಿಂದ 20 ಅಡಿ ಬಿಟ್ಟರೆ ಉಳಿಯುವುದು ತುಳಸಿಕಟ್ಟೆಯಷ್ಟು ಜಾಗ. ಟೇಪು ಹಿಡಿದು ಅಳೆಯಿರಿ. ನಿಮ್ಮ ನಗರದ ನಿಯಮವನ್ನೂ ಓದಿ.

ಹುಂಜ ಬೇಡ ಅನ್ನುವ ಹಕ್ಕೂ ನಗರಸಭೆಗೆ ಇದೆ. ಕೋಳಿ ಅಂಕದ ಊರಿನಿಂದ ಬಂದವರಿಗೆ ಇದು ಬೇಜಾರಿನ ವಿಷಯ, ಗೊತ್ತು. ಫೀಡ್ ಅಂಗಡಿಯಲ್ಲಿ 'ಸ್ಟ್ರೈಟ್ ರನ್' ಅಂತ ಬರೆದ ತೊಟ್ಟಿಯ ಮರಿ ತಂದರೆ ಅರ್ಧಕ್ಕರ್ಧ ಹುಂಜಗಳೇ ಆಗಬಹುದು, 'ಪುಲೆಟ್', ಅಂದರೆ ಹೆಣ್ಣು ಮರಿ, ಅಂತ ಬರೆದದ್ದನ್ನೇ ಕೇಳಿ. ಅಂಕದ ಮಾತು ಬಂದದ್ದಕ್ಕೆ ಇನ್ನೊಂದು. 1998ರಲ್ಲಿ ಅರಿಜೋನಾದ ಜನರೇ ಮತ ಹಾಕಿ ಕೋಳಿ ಕಾಳಗವನ್ನು ನಿಷೇಧಿಸಿದ್ದಾರೆ. ಇಲ್ಲಿ ಅದು ಸಣ್ಣ ದಂಡ ಕಟ್ಟಿ ಬರುವ ಕೇಸಲ್ಲ, ಫೆಲೊನಿ, ಅಂದರೆ ಗಂಭೀರ ಅಪರಾಧ. ವೀಸಾದಲ್ಲಿ ಇರುವವರು ತಮಾಷೆಗೂ ಅದರ ಹತ್ತಿರ ಹೋಗಬೇಡಿ.

ಈಗ ನಿಜವಾದ ಹೊಂಡಕ್ಕೆ, ಅಂದರೆ ಮೊದಲನೆಯ ತಪ್ಪಿಗೆ ಬರೋಣ. ಆ ಕಾನೂನು ನಗರಸಭೆಯ ಕೈ ಕಟ್ಟಿದೆ, ನಿಮ್ಮ ಬಡಾವಣೆಯ ಹೋಮ್ ಓನರ್ಸ್ ಅಸೋಸಿಯೇಷನ್ನಿನ (ಎಚ್‌ಒಎ) ಕೈ ಕಟ್ಟಿಲ್ಲ. ಎಚ್‌ಒಎ ಸರಕಾರವಲ್ಲ. ಅದು ನೀವೇ ಒಪ್ಪಿಕೊಂಡ ಕರಾರು. ಮನೆ ಕೊಳ್ಳುವಾಗ ಕೈಗೆ ಬಂದ ಕಾಗದದ ಕಟ್ಟಿನಲ್ಲಿ 'ಸಿಸಿ ಆಂಡ್ ಆರ್' ಅನ್ನುವ, ಬಡಾವಣೆಯ ನಿಯಮಗಳ ದಾಖಲೆ ಇರುತ್ತದೆ. ಅದನ್ನು ಯಾರು ಓದುತ್ತಾರೆ ಹೇಳಿ? ಅದರೊಳಗೆ ಹೆಚ್ಚಾಗಿ ಒಂದು ಸಾಲು ಇದ್ದೇ ಇರುತ್ತದೆ: ನಾಯಿ ಬೆಕ್ಕಿನಂಥ ಮನೆಪ್ರಾಣಿ ಬಿಟ್ಟು ಫೌಲ್, ಪೌಲ್ಟ್ರಿ, ಲೈವ್‌ಸ್ಟಾಕ್ ಏನೂ ಸಾಕುವಂತಿಲ್ಲ.

ಕುಂಬಳೆ ಕಡೆಯ ಒಬ್ಬ ಹುಡುಗ, ಚಿಪ್ ಕಂಪೆನಿಯಲ್ಲಿ ಇಂಜಿನಿಯರು. ಸಾವಿರ ಡಾಲರಿಗೂ ಜಾಸ್ತಿ ಸುರಿದು ಚಂದದ ಗೂಡು ಮಾಡಿಸಿದ್ದ. ಹೆಂಚಿನ ಬಣ್ಣದ ಮಾಡು ಬೇರೆ. ತಿಂಗಳಾಗುವಷ್ಟರಲ್ಲಿ ಅಸೋಸಿಯೇಷನ್ನಿನ ನೋಟಿಸು ಬಂತು. ಇವನು ಹೊಸ ಕಾನೂನಿನ ಪ್ರತಿ ತೆಗೆದು ಕಳಿಸಿದ. ಅವರು ಸಿಸಿ ಆಂಡ್ ಆರ್‌ನ ಆ ಪುಟ ತೆಗೆದು ಕಳಿಸಿದರು, ಜೊತೆಗೆ ದಂಡದ ಚೀಟಿ. ಇವು ಪೆಟ್ಸ್, ನನ್ನ ಮಗಳು ಹೆಸರಿಟ್ಟಿದ್ದಾಳೆ ಅಂತ ವಾದಿಸಿದ. ಪೌಲ್ಟ್ರಿ ಅಂತ ಬರೆದ ಮೇಲೆ ಹೆಸರಿಟ್ಟರೇನು, ನಾಮಕರಣ ಮಾಡಿದರೇನು? ದಂಡ ಏರುತ್ತಾ ಹೋಯಿತು. ಕೊನೆಗೆ ಕೋಳಿಗಳು ಊರಾಚೆಯ ಪರಿಚಯದವರ ಫಾರ್ಮಿಗೆ ಹೋದವು. ಗೂಡು ಅರ್ಧ ಬೆಲೆಗೆ ಹೋಯಿತು.

ಆದ್ದರಿಂದ ಮರಿ ತರುವ ಮೊದಲು, ಸಾಧ್ಯವಾದರೆ ಮನೆ ತೆಗೆದುಕೊಳ್ಳುವ ಮೊದಲೇ, ಆ ದಾಖಲೆ ಹುಡುಕಿ ಓದಿ. ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಫೀನಿಕ್ಸ್ ಇರುವ ಮಾರಿಕೋಪಾ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ರೆಕಾರ್ಡರ್ ಕಚೇರಿಯ ದಾಖಲೆಗಳಲ್ಲಿ ಸಿಗುತ್ತದೆ. ಬಾಡಿಗೆಯವರಿಗೂ ಅದೇ ನಿಯಮ, ಓನರು ಹೂಂ ಅಂದರೆ ಸಾಲದು. ಕೋಳಿಗೆ ಅಡ್ಡಿ ಇಲ್ಲ ಅಂತ ಇದ್ದರೂ ಅಲ್ಲಿಗೆ ನಿಲ್ಲಬೇಡಿ. ಕಾಂಪೌಂಡ್ ಗೋಡೆಗಿಂತ ಎತ್ತರಕ್ಕೆ ಕಾಣುವ ಏನನ್ನು ಕಟ್ಟಿದರೂ ಆರ್ಕಿಟೆಕ್ಚರ್ ಕಮಿಟಿಯ ಒಪ್ಪಿಗೆ ಬೇಕು ಅಂತ ಬೇರೆ ಕಲಮು ಇರುತ್ತದೆ. ಕೋಳಿ ಪಾಸಾಗಿ ಗೂಡು ಫೇಲಾದವರೂ ಇದ್ದಾರೆ. ಯಾರೋ ಕಮಿಟಿಯವರು ಬಾಯಿಮಾತಿನಲ್ಲಿ 'ನೋ ಪ್ರಾಬ್ಲಂ' ಅಂದರೆ ಅದಕ್ಕೆ ಮೂರು ಕಾಸಿನ ಬೆಲೆ ಇಲ್ಲ. ಬರೆಸಿಕೊಳ್ಳಿ.

ನೋಟಿಸು ಬಂದೇ ಬಿಟ್ಟರೆ ಕಸದ ಬುಟ್ಟಿಗೆ ಹಾಕಬೇಡಿ. ನೋಟಿಸಿನ ತಾರೀಕಿನಿಂದ 21 ದಿನದೊಳಗೆ ಸರ್ಟಿಫೈಡ್ ಮೇಲ್ ಅನ್ನುವ ರಸೀದಿಯ ಅಂಚೆಯಲ್ಲಿ ಉತ್ತರ ಬರೆಯುವ ಅವಕಾಶ ರಾಜ್ಯದ ಕಾನೂನಿನಲ್ಲೇ ಇದೆ. ಹಾಗೆ ಬರೆದರೆ ಅವರು 10 ಕೆಲಸದ ದಿನದೊಳಗೆ ಯಾವ ಕಲಮು ಮುರಿದಿದೆ, ಯಾವತ್ತು ಕಂಡದ್ದು, ಕಂಡವರ ಹೆಸರೇನು ಅಂತ ತಿಳಿಸಲೇಬೇಕು. ಒಪ್ಪಿಗೆಯಾಗದಿದ್ದರೆ ಅರಿಜೋನಾ ರಿಯಲ್ ಎಸ್ಟೇಟ್ ಇಲಾಖೆಗೆ ಅರ್ಜಿ ಹಾಕಿ ವಿಚಾರಣೆ ಕೇಳಬಹುದು.

ಈ ವಿಷಯದಲ್ಲಿ ಮಾತ್ರ ಇಲ್ಲಿಯ ಪದ್ಧತಿ ಮೇಲು ಅನಿಸುತ್ತದೆ ನನಗೆ. ನಮ್ಮಲ್ಲಿ ನಾಲ್ಕು ಕೋಳಿ ಸಾಕಲು ಯಾರ ಅಪ್ಪಣೆಯೂ ಬೇಡ, ಸರಿ. ಆದರೆ ಕೋಳಿ ಪಕ್ಕದವರ ಬಸಳೆ ಚಪ್ಪರಕ್ಕೆ ನುಗ್ಗಿದ ಜಗಳ ಮೊಮ್ಮಕ್ಕಳ ಕಾಲಕ್ಕೂ ಮುಗಿಯುವುದಿಲ್ಲ. ಇಲ್ಲಿ ಕಾಗದದಲ್ಲಿ ಶುರುವಾಗಿ ಕಾಗದದಲ್ಲೇ ಮುಗಿಯುತ್ತದೆ. ಬೆಳಿಗ್ಗೆ ಕೈ ಬೀಸಿ 'ಹಾಯ್' ಅಂದವರೇ ಫೋಟೊ ತೆಗೆದು ಕಳಿಸುತ್ತಾರೆ ಅನ್ನುವುದನ್ನು ಅರಗಿಸಿಕೊಳ್ಳಬೇಕು, ಅಷ್ಟೇ.

ಎರಡನೆಯ ತಪ್ಪು ಬಿಸಿಲಿನದ್ದು. "ನಮ್ಮೂರ ಸೆಕೆ ಕಂಡವರಿಗೆ ಇದೇನು ಮಹಾ" ಅನ್ನುವವರೇ ಕೋಳಿ ಕಳೆದುಕೊಳ್ಳುವುದು. 2023ರಲ್ಲಿ ಫೀನಿಕ್ಸಿನಲ್ಲಿ ಸತತ 31 ದಿನ 110 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 43 ಸೆಲ್ಸಿಯಸ್ ದಾಟಿತ್ತು. ಕೋಳಿ ಬೆವರುವುದಿಲ್ಲ. ಅದರ ಮೈಯ ಶಾಖವೇ ಸುಮಾರು 41 ಡಿಗ್ರಿ ಸೆಲ್ಸಿಯಸ್. ಗಾಳಿ ಅದಕ್ಕಿಂತ ಬಿಸಿಯಾದ ಮೇಲೆ ಬರೀ ಫ್ಯಾನ್ ಇಟ್ಟರೆ ಬಿಸಿಗಾಳಿ ಊದಿದಂತೆ. ಕೋಳಿಗೆ ಉಳಿಯುವ ದಾರಿ ಒಂದೇ, ಬಾಯಿ ತೆರೆದು ಏದುಸಿರು ಬಿಡುವುದು. ಹಾಗೆ ಏದುತ್ತಾ ರಕ್ತದ ಇಂಗಾಲದ ಡೈಆಕ್ಸೈಡು ಜಾಸ್ತಿ ಹೊರಗೆ ಹೋಗುತ್ತದೆ, ಮೊಟ್ಟೆ ಚಿಪ್ಪಿಗೆ ಬೇಕಾದ ಕಾರ್ಬೋನೇಟು ಕಡಿಮೆಯಾಗುತ್ತದೆ. ಜುಲೈಯಲ್ಲಿ ಚಿಪ್ಪು ತೆಳ್ಳಗಾಯಿತು ಅಂತ ಚೀಲಗಟ್ಟಲೆ ಕಪ್ಪೆಚಿಪ್ಪಿನ ಪುಡಿ ಹಾಕುವವರಿದ್ದಾರೆ. ಮೊದಲು ಬಿಸಿ ಇಳಿಸಿ ಮಾರಾಯ್ರೆ.

ಬಿಸಿ ಇಳಿಸುವುದು ಅಂದರೆ ನೆರಳು ಮತ್ತು ನೀರು. ಊರಿನ ಹಾಗೆ ನಾಲ್ಕು ಕಡೆ ಹಲಗೆ ಹೊಡೆದು ತಗಡು ಹೊದೆಸಿದ ಗೂಡು ಇಲ್ಲಿ ಒಲೆ. ಬೇಸಿಗೆಯಲ್ಲಿ ರಾತ್ರಿಯೂ 32 ಡಿಗ್ರಿಗಿಂತ ಇಳಿಯದ ದಿನಗಳಿರುತ್ತವೆ. ಮೂರು ಕಡೆಯಾದರೂ ಬಲೆ ಇರಲಿ. ಮನೆಯ ಪೂರ್ವದ ಬದಿಯಲ್ಲಿ, ಮೆಸ್ಕೀಟ್ ಅಥವಾ ಕಿತ್ತಳೆ ಮರದ ಅಡಿಯಲ್ಲಿ ಕಟ್ಟಿ. ಬಲೆ ಅಂದರೆ ಷಟ್ಕೋನದ ತೆಳು ಕೋಳಿಬಲೆಯಲ್ಲ, ಹಾರ್ಡ್‌ವೇರ್ ಕ್ಲಾತ್ ಅನ್ನುವ ಅರ್ಧ ಇಂಚಿನ ಕಣ್ಣಿನ ಗಟ್ಟಿ ತಂತಿಬಲೆ. ಇಲ್ಲಿ ಮುಂಗುಸಿ ಇಲ್ಲ, ಆದರೆ ನರಿಯಂಥದ್ದೇ, ಆರಡಿ ಗೋಡೆ ಹಾರುವ ಕಯೋಟಿ, ಬಾಬ್‌ಕ್ಯಾಟ್ ಅನ್ನುವ ಕಾಡುಬೆಕ್ಕು, ಗಿಡುಗ, ಗೂಬೆ ಎಲ್ಲ ಇವೆ. ಬಲೆಯನ್ನು ಮಣ್ಣಿನೊಳಗೆ ಹೂಳಲು ಹೋದರೆ ಕ್ಯಾಲಿಚಿ ಅನ್ನುವ ಗಟ್ಟಿ ಸುಣ್ಣದ ಪದರಕ್ಕೆ ಪಿಕ್ಕಾಸು ಬಡಿದು ಕೈ ಜುಮ್ಮೆನ್ನುತ್ತದೆ. ಅಗೆಯಬೇಡಿ, ಗೂಡಿನ ಸುತ್ತ ಎರಡಡಿ ಅಗಲಕ್ಕೆ ನೆಲದ ಮೇಲೆ ಹಾಸಿ ಕಲ್ಲು ಹೇರಿ.

ನೀರಿನ ವಿಷಯ ಯಾರೂ ನಂಬುವುದಿಲ್ಲ. ಬಿಸಿಲಲ್ಲಿ ಬಿದ್ದ ಪೈಪಿನ ಮೊದಲ ನೀರು ಕೈ ಸುಡುವಷ್ಟು, 60 ಡಿಗ್ರಿಯವರೆಗೂ ಇರುತ್ತದೆ. ಅದನ್ನೇ ತೊಟ್ಟಿಗೆ ಬಿಟ್ಟು ಆಫೀಸಿಗೆ ಹೋದರೆ ತೊಟ್ಟಿ ತುಂಬಿರುತ್ತದೆ, ಕೋಳಿ ಬಾಯಾರಿ ಸತ್ತಿರುತ್ತದೆ. ಬಿಸಿ ನೀರನ್ನು ಅವು ಕುಡಿಯುವುದಿಲ್ಲ. ಮೊದಲ ನೀರನ್ನು ಗಿಡದ ಬುಡಕ್ಕೂ ಬಿಡಬೇಡಿ, ಆರಿದ ಮೇಲೆ ಹಾಕಿ. ತೊಟ್ಟಿ ನೆರಳಲ್ಲಿ ಇರಲಿ, ಮಧ್ಯಾಹ್ನ ಐಸ್ ಆದ ಬಾಟಲಿ ಹಾಕಿ. ಕಾಲು ಮುಳುಗುವಷ್ಟು ನೀರಿನ ಅಗಲ ತಟ್ಟೆ ಬೇರೆ ಇಡಿ. ಫೀಡನ್ನು ಬೆಳಗ್ಗೆ ಬೇಗ ಮತ್ತು ಸಂಜೆ ಕೊಡಿ. ತಿಂದದ್ದು ಕರಗುವಾಗಲೂ ಮೈ ಬಿಸಿಯಾಗುತ್ತದೆ.

ಮಂಜು ಚಿಮ್ಮಿಸುವ ಮಿಸ್ಟರು, ಕೂಲರು ಎಲ್ಲ ಮೇ, ಜೂನಿನ ಒಣಗಾಳಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ಜುಲೈಯಲ್ಲಿ ಇಲ್ಲಿಯವರು ಮಾನ್ಸೂನ್ ಅನ್ನುವ ತೇವದ ಗಾಳಿ ಬಂದ ಮೇಲೆ ಅವುಗಳ ಬಲ ಅರ್ಧ. ವರ್ಷಕ್ಕೆ 200 ಮಿಲಿಮೀಟರ್ ಮಳೆಯೂ ಬೀಳದ ಊರಿನಲ್ಲಿ ಅದಕ್ಕೆ ಮಾನ್ಸೂನ್ ಅನ್ನುವುದು ನಮಗೆ ನಗು ಬರಿಸಬಹುದು. ಆದರೆ ಕೋಳಿ ಹೆಚ್ಚು ಸಾಯುವುದು ಆ ತೇವದ ದಿನಗಳಲ್ಲೇ. ತಳಿ ಆರಿಸುವಾಗ ಮೈಗೆ ಹಗುರ, ತಲೆಯ ಮೇಲಿನ ಕೆಂಪು ಮಾಂಸದ ಜುಟ್ಟು ದೊಡ್ಡದು ಇರುವುದನ್ನು ನೋಡಿ. ಲೆಗ್‌ಹಾರ್ನ್, ಈಜಿಪ್ಟಿನ ಫಯೂಮಿ ತಡೆಯುತ್ತವೆ. ಗರಿ ತುಂಬಿ ದಪ್ಪಗೆ ಮುದ್ದಾಗಿ ಕಾಣುವ ತಳಿಗಳು ಬೇಡ, ಮಕ್ಕಳು ಎಷ್ಟು ಹಟ ಮಾಡಿದರೂ.

ಕೊನೆಗೆ ರಜೆಯ ಮಾತು. ಶಾಲೆಗೆ ರಜೆ ಸಿಕ್ಕಿದ ಕೂಡಲೇ ಎಲ್ಲರೂ ಜೂನ್, ಜುಲೈಯಲ್ಲಿ ಊರಿಗೆ ಹೊರಡುತ್ತೀರಿ, ಅಲ್ವಾ? ಕೋಳಿಗೆ ವರ್ಷದಲ್ಲಿ ಅತಿ ಕಷ್ಟದ ಕಾಲ ಅದೇ. ಟೈಮರ್ ಇಟ್ಟಿದ್ದೇನೆ, ಪಕ್ಕದವರು ನೋಡುತ್ತಾರೆ ಅಂತ ಹೋಗಬೇಡಿ. ಮಿಸ್ಟರಿನ ಪಂಪು ಒಂದು ಮಧ್ಯಾಹ್ನ ಕೈಕೊಟ್ಟರೆ ಸಾಕು. ಕೋಳಿ ಸಾಕುವವರ ಮನೆಗೇ ಕೋಳಿಗಳನ್ನು ಒಪ್ಪಿಸಿ ಹೋಗಿ. ವಾಪಸು ಬರುವಾಗ ಕಸ್ಟಮ್ಸ್‌ನಲ್ಲಿ ಸಾಕುಪ್ರಾಣಿಗಳ ಹತ್ತಿರ ಹೋಗಿದ್ದಿರಾ ಅಂತ ಕೇಳಿದರೆ ಹೌದು ಅಂತಲೇ ಹೇಳಿ. 2025ರಲ್ಲಿ ಹಕ್ಕಿಜ್ವರ ಬಂದು ಅರಿಜೋನಾದ ಹಿಕ್‌ಮನ್ಸ್ ಫಾರ್ಮ್ ಒಂದೇ ಸುಮಾರು 60 ಲಕ್ಷ ಕೋಳಿ ಕಳೆದುಕೊಂಡಿದೆ, ಅವರು ಸುಮ್ನೆ ಕೇಳುವುದಲ್ಲ. ಊರಿನಲ್ಲಿ ಗೂಡಿಗೆ ಹಾಕಿಕೊಂಡು ಹೋದ ಚಪ್ಪಲಿ ಊರಲ್ಲೇ ಇರಲಿ. ಅಮ್ಮ ಕಟ್ಟಿಕೊಟ್ಟ ಕೋಳಿ ಉಪ್ಪಿನಕಾಯಿ ಕೂಡ.