ಉದ್ಯೋಗ ಪರೀಕ್ಷೆಗಾಗಿ ಮರೆತ ಗಣಿತವನ್ನು ಮತ್ತೆ ಕಲಿಯುವ ಕ್ರಮ

ಶಾಲೆ ಬಿಟ್ಟು ಹಲವು ವರ್ಷಗಳಾದ ಮೇಲೆ ಆಪ್ಟಿಟ್ಯೂಡ್ ಪರೀಕ್ಷೆಗೆ ಸಿದ್ಧರಾಗುವವರು ಸಾಮಾನ್ಯವಾಗಿ ಹಳೆಯ ಪ್ರಶ್ನೆಪತ್ರಿಕೆಗಳಿಂದಲೂ ಶೀಘ್ರ ಲೆಕ್ಕದ ಸೂತ್ರಗಳಿಂದಲೂ ಆರಂಭಿಸುತ್ತಾರೆ. ಅವುಗಳಿಗಿಂತ ಮೊದಲು ಭಿನ್ನರಾಶಿಯನ್ನು ಗಟ್ಟಿ ಮಾಡಿಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಶೇಕಡಾ, ಅನುಪಾತ, ಲಾಭ–ನಷ್ಟ, ಬಡ್ಡಿ, ಕಾಲ ಮತ್ತು ಕೆಲಸ ಎಂದು ಬೇರೆ ಬೇರೆ ಅಧ್ಯಾಯಗಳಾಗಿ ಕಾಣುವ ಲೆಕ್ಕಗಳಲ್ಲಿ ಹೆಚ್ಚಿನವು ಮೂಲದಲ್ಲಿ ಭಿನ್ನರಾಶಿಯ ಲೆಕ್ಕಗಳೇ ಆಗಿವೆ.

ಮೊದಲು ಕ್ಯಾಲ್ಕುಲೇಟರ್ ಇಲ್ಲದೆ ಕಾಗದದ ಮೇಲೆ ನಾಲ್ಕು ಲೆಕ್ಕಗಳನ್ನು ಮಾಡಿ ನೋಡಿ: 3/4 ಮತ್ತು 5/6 ಕೂಡಿದರೆ ಎಷ್ಟು, 7.2 ಅನ್ನು 0.09ರಿಂದ ಭಾಗಿಸಿದರೆ ಎಷ್ಟು, 240ರ ಶೇ. 35 ಎಷ್ಟು, 720 ಅನ್ನು 3:5ರ ಅನುಪಾತದಲ್ಲಿ ಹಂಚಿದರೆ ಯಾರಿಗೆಷ್ಟು. ಉತ್ತರಗಳು ಕ್ರಮವಾಗಿ 19/12, 80, 84, ಮತ್ತು 270 ಹಾಗೂ 450. ಉತ್ತರ ಸರಿಯಾಗಿದ್ದರೂ ಎಲ್ಲಿ ಕೈ ತಡೆಯಿತೋ ಆ ಭಾಗವನ್ನು ಗುರುತು ಹಾಕಿಕೊಂಡು, ಪ್ರೌಢಶಾಲೆಗಿಂತ ಕೆಳಗಿನ ತರಗತಿಯ ಪಠ್ಯಪುಸ್ತಕದಿಂದಲೇ ಅದನ್ನು ಮತ್ತೆ ಓದಬೇಕು. ಇದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ.

20ರವರೆಗಿನ ಮಗ್ಗಿ ಮತ್ತು 25ರವರೆಗಿನ ವರ್ಗಸಂಖ್ಯೆಗಳು ಬಾಯಿಗೆ ಬರಬೇಕು. ಅದಕ್ಕಿಂತಲೂ ಹೆಚ್ಚು ಸಮಯ ಉಳಿಸುವುದು ಭಿನ್ನರಾಶಿ ಮತ್ತು ಶೇಕಡಾಗಳ ಜೋಡಿ: 1/8 ಎಂದರೆ ಶೇ. 12.5, 1/6 ಎಂದರೆ ಸುಮಾರು ಶೇ. 16.67, 3/8 ಎಂದರೆ ಶೇ. 37.5. ಇದು ತಿಳಿದಿದ್ದರೆ 640ರ ಶೇ. 37.5 ಕೇಳಿದಾಗ ಉದ್ದನೆಯ ಗುಣಾಕಾರ ಬೇಕಾಗುವುದಿಲ್ಲ. 640ರ 1/8 ಆದ 80ನ್ನು ಮೂರರಿಂದ ಗುಣಿಸಿ 240 ಎನ್ನಬಹುದು. ಹಾಗೆಯೇ 25ರ ಶೇ. 16 ಎಂಬುದೂ 16ರ ಶೇ. 25 ಎಂಬುದೂ ಒಂದೇ ಆದ್ದರಿಂದ ಉತ್ತರ 4 ಎಂದು ತಕ್ಷಣ ಹೊಳೆಯುತ್ತದೆ.

ಶೇಕಡಾ ಲೆಕ್ಕದಲ್ಲಿ ಪ್ರತಿ ಬಾರಿಯೂ ‘ಯಾವುದರ ಶೇಕಡಾ’ ಎಂದು ಕೇಳಿಕೊಳ್ಳಿ. 100 ಇದ್ದದ್ದು ಶೇ. 20 ಏರಿದರೆ 120 ಆಗುತ್ತದೆ, ಆದರೆ ನಂತರದ ಶೇ. 20ರ ಇಳಿಕೆಯನ್ನು 120ರ ಮೇಲೆ ಲೆಕ್ಕ ಹಾಕಬೇಕಾದ್ದರಿಂದ ಕೊನೆಗೆ ಉಳಿಯುವುದು 96. ಸರಾಸರಿ ವೇಗದಲ್ಲೂ ಜನ ಹೀಗೆಯೇ ಎಡವುತ್ತಾರೆ: ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗಿ 60 ಕಿ.ಮೀ. ವೇಗದಲ್ಲಿ ಅದೇ ದಾರಿಯಲ್ಲಿ ಮರಳಿದರೆ ಸರಾಸರಿ 50 ಅಲ್ಲ, 48. ನಿಧಾನವಾಗಿ ಹೋದಾಗ ಹೆಚ್ಚು ಹೊತ್ತು ಕಳೆದಿರುತ್ತದೆ ಎಂಬುದೇ ಇದಕ್ಕೆ ಕಾರಣ. ಕೆಲಸದ ಲೆಕ್ಕಕ್ಕೆ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ, ಅಂದರೆ ಕೊಟ್ಟ ಸಂಖ್ಯೆಗಳೆಲ್ಲದರಿಂದಲೂ ಶೇಷವಿಲ್ಲದೆ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ಅತ್ಯಂತ ಸುಲಭದ ದಾರಿ. ಒಬ್ಬರು 15 ದಿನಗಳಲ್ಲಿ, ಇನ್ನೊಬ್ಬರು 10 ದಿನಗಳಲ್ಲಿ ಮುಗಿಸುವ ಕೆಲಸವನ್ನು 30 ಭಾಗಗಳೆಂದು ಇಟ್ಟುಕೊಂಡರೆ, ದಿನಕ್ಕೆ 2 ಮತ್ತು 3 ಭಾಗಗಳು ಸೇರಿ 5 ಆಗುತ್ತವೆ. ಇಬ್ಬರೂ ಕೂಡಿದರೆ ಕೆಲಸ 6 ದಿನಗಳಲ್ಲಿ ಮುಗಿಯುತ್ತದೆ.

ವಿಧಾನ ತಪ್ಪದೆ ಬರುವವರೆಗೆ ಗಡಿಯಾರ ಬೇಡ. ಅನಂತರವಷ್ಟೇ ಸಮಯದ ಮಿತಿಯಿಟ್ಟು, ಎಲ್ಲ ಅಧ್ಯಾಯಗಳ ಪ್ರಶ್ನೆಗಳನ್ನು ಬೆರೆಸಿ ಬಿಡಿಸಿ, ತಪ್ಪುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಪ್ರಶ್ನೆಯನ್ನು ತಪ್ಪಾಗಿ ಓದಿದ್ದೇ, ವಿಧಾನ ತಿಳಿಯದೆ ಹೋದದ್ದೇ, ಕೂಡುವಾಗ ಎಡವಿದ್ದೇ ಎಂಬುದನ್ನೂ ಪಕ್ಕದಲ್ಲಿ ಗುರುತಿಸಬೇಕು, ಏಕೆಂದರೆ ಈ ಮೂರಕ್ಕೂ ಮದ್ದು ಬೇರೆ ಬೇರೆ.

ತಪ್ಪು ಉತ್ತರಕ್ಕೆ ಅಂಕ ಕಳೆಯುವ ನಿಯಮವನ್ನು ಮುಂಚಿತವಾಗಿಯೇ ಓದಿಕೊಳ್ಳಿ. ನಾಲ್ಕು ಆಯ್ಕೆಗಳಿದ್ದು, ಸರಿ ಉತ್ತರಕ್ಕೆ 1 ಅಂಕ, ತಪ್ಪಿಗೆ 1/3 ಅಂಕ ಕಡಿತ ಎಂದಿದ್ದರೆ, ಕಣ್ಣುಮುಚ್ಚಿ ಗುರುತು ಹಾಕುವುದರಿಂದ ಸರಾಸರಿಯಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೆ ಅಂದಾಜು ಲೆಕ್ಕದಿಂದ ಒಂದೇ ಒಂದು ಆಯ್ಕೆಯನ್ನು ಖಚಿತವಾಗಿ ಹೊಡೆದುಹಾಕಲು ಸಾಧ್ಯವಾದರೂ ಉಳಿದ ಮೂರರಲ್ಲಿ ಒಂದನ್ನು ಆರಿಸುವುದು ಸರಾಸರಿ 1/9 ಅಂಕದಷ್ಟು ಲಾಭಕರ.