ವಿಷಯಕ್ಕೆ ಸಂಖ್ಯೆ, ರೂಪಕ್ಕೆ ವಿವರಣೆ: ಸೂಚೀಕರಣ ಕಲಿಯುವವರಿಗೆ ಒಂದು ಸಲಹೆ

ಗ್ರಂಥಾಲಯ ವಿಜ್ಞಾನವನ್ನು ಈಗಷ್ಟೇ ಕಲಿಯಲು ಆರಂಭಿಸಿರುವ ಮಂಡ್ಯ, ಮೈಸೂರಿನ ಗೆಳೆಯರು ವರ್ಗೀಕರಣವನ್ನೂ (ವಿಷಯಕ್ಕೆ ತಕ್ಕ ಸಂಖ್ಯೆ ಕೊಡುವುದು) ಸೂಚೀಕರಣವನ್ನೂ (ಗ್ರಂಥಾಲಯದ ಪಟ್ಟಿಯಾದ ಸೂಚಿಯಲ್ಲಿ ಸಾಮಗ್ರಿಯ ವಿವರ ದಾಖಲಿಸುವುದು) ಬೆರೆಸದೆ, ಮೊದಲು ಸಾಮಗ್ರಿಯ ವಿಷಯವನ್ನು ನಿರ್ಧರಿಸಿ, ಆಮೇಲೆ ಅದರ ರೂಪವನ್ನು ವಿವರಿಸುವುದನ್ನು ರೂಢಿಸಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.

ನಮ್ಮ ಕಬ್ಬನ್ನೇ ತೆಗೆದುಕೊಳ್ಳಿ. ಸಾಮಗ್ರಿಯನ್ನು ವಿಷಯವಾರು ಸಂಖ್ಯೆಗಳಿಂದ ವಿಂಗಡಿಸುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕಬ್ಬಿನ ಬೇಸಾಯಕ್ಕೆ 633.61 ಎಂಬ ಸಂಖ್ಯೆಯಿದ್ದು, ಆ ವಿಷಯದ ಮುದ್ರಿತ ಪುಸ್ತಕಕ್ಕೂ ಡಿವಿಡಿಗೂ ಇ-ಪುಸ್ತಕಕ್ಕೂ ಅದೇ ಸಲ್ಲುತ್ತದೆ. ಆದರೆ ಕಾರ್ಖಾನೆಯಲ್ಲಿ ಸಕ್ಕರೆ ತಯಾರಿಸುವ ವಿಧಾನವನ್ನು ಹೇಳುವ ಕೃತಿ ಕೃಷಿಯನ್ನು ಬಿಟ್ಟು 664.1ಕ್ಕೆ ಹೋಗುತ್ತದೆ. ಆದ್ದರಿಂದ ಶೀರ್ಷಿಕೆಯಲ್ಲಿ ‘ಕಬ್ಬು’ ಕಂಡ ಮಾತ್ರಕ್ಕೆ ತೀರ್ಮಾನಿಸದೆ, ಪರಿವಿಡಿಯನ್ನೂ ಮುನ್ನುಡಿಯನ್ನೂ ಓದಿಯೇ ಸಂಖ್ಯೆ ಕೊಡಿ.

ರೂಪದ ವ್ಯತ್ಯಾಸ ಕಾಣಬೇಕಾದದ್ದು ಸೂಚಿಯಲ್ಲಿ. ಗ್ರಂಥಾಲಯದ ವಿವರಗಳನ್ನು ಕಂಪ್ಯೂಟರ್ ಓದುವಂತೆ ಸಂಖ್ಯೆಯಿರುವ ಕ್ಷೇತ್ರಗಳಲ್ಲಿ (ಅಂಕಣಗಳಲ್ಲಿ) ಬರೆಯುವ ಮಾರ್ಕ್ 21 ಎಂಬ ಮಾದರಿಯ ದಾಖಲೆಯ 300ನೇ ಕ್ಷೇತ್ರದಲ್ಲಿ ಪುಸ್ತಕವಾದರೆ ಪುಟಗಳನ್ನು, ಡಿವಿಡಿಯಾದರೆ ಡಿಸ್ಕ್‌ಗಳ ಸಂಖ್ಯೆಯನ್ನೂ ಅವಧಿಯನ್ನೂ ಬರೆಯಬೇಕು. 336, 337 ಮತ್ತು 338ನೇ ಕ್ಷೇತ್ರಗಳು ಒಳಗಿರುವುದು ಪಠ್ಯವೋ ಚಲಿಸುವ ಚಿತ್ರವೋ, ನೋಡಲು ಯಾವ ಬಗೆಯ ಸಾಧನ ಬೇಕು, ಅದು ಡಿಸ್ಕ್‌ನಂತಹ ಯಾವ ವಾಹಕದಲ್ಲಿದೆ ಎಂಬುದನ್ನು ತಿಳಿಸುತ್ತವೆ. ಡಿವಿಡಿಯ ಶೀರ್ಷಿಕೆಯನ್ನು ಹೊದಿಕೆಯಿಂದ ಬರೆದುಕೊಳ್ಳುವ ಬದಲು, ಸಾಧ್ಯವಾದಾಗಲೆಲ್ಲ ಅದನ್ನು ಹಾಕಿ ನೋಡಿ, ಪರದೆಯ ಮೇಲೆ ಬರುವುದನ್ನೇ ಆರಿಸಿಕೊಳ್ಳಿ.

ಇವೆಲ್ಲಕ್ಕಿಂತ ಹೆಚ್ಚು ಕಲಿಸುವುದು ತಾಳೆಗರಿ ಎಂಬುದು ನನ್ನ ಅಭಿಪ್ರಾಯ. 1891ರಲ್ಲಿ ಸ್ಥಾಪನೆಯಾದ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ಇಂತಹ ಹಸ್ತಪ್ರತಿಗಳ ದೊಡ್ಡ ಸಂಗ್ರಹವೇ ಇದೆ. ಇವುಗಳಿಗೆ ಮುದ್ರಿತ ಪುಸ್ತಕದಂತೆ ಶೀರ್ಷಿಕೆ ಪುಟವಿರುವುದಿಲ್ಲವಾದ್ದರಿಂದ ಆದಿ ಮತ್ತು ಅಂತ್ಯದ ಸಾಲುಗಳನ್ನು, ಗರಿಗಳ ಸಂಖ್ಯೆಯನ್ನು, ಪ್ರತಿಯ ಸ್ಥಿತಿಯನ್ನು ದಾಖಲಿಸಬೇಕು; ಸಂಸ್ಕೃತ ಕೃತಿಯೊಂದು ಕನ್ನಡ ಲಿಪಿಯಲ್ಲಿ ಅಥವಾ ತಮಿಳು ನಾಡಿನಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದ ‘ಗ್ರಂಥ’ ಎಂಬ ಲಿಪಿಯಲ್ಲಿರಬಹುದಾದ್ದರಿಂದ ಭಾಷೆಯನ್ನೂ ಲಿಪಿಯನ್ನೂ ತಪ್ಪದೆ ಬೇರೆಬೇರೆಯಾಗಿ ನಮೂದಿಸಬೇಕು.